ಸುಮ್ಮನೆ ಇದ್ದವಳಲ್ಲ

ನನ್ನ ಮಗಳು ನನ್ನ ಕನ್ನಡಕವನ್ನೇ ಮೂಗಿಗೇರಿಸಿಕೊಂಡು ಅಡುಗೆಮನೆಯ ಮೇಜಿನ ಹಿಂದೆ ಸಾಹೇಬನಂತೆ ಕುಳಿತಿದ್ದಳು. ಎದುರಿಗೆ ನನ್ನ ಸೊಸೆ. ಮರುದಿನ ಅವಳಿಗೆ ಒಂದು ಅಚ್ಚುಕೂಟದಲ್ಲಿ ಸಂದರ್ಶನವಿತ್ತು. ಕರಡು ತಿದ್ದುವ ಕೆಲಸ. ಹಿಂದೆ ಅವಳು ಮಾಡುತ್ತಿದ್ದದ್ದೂ ಅದನ್ನೇ. ನನ್ನ ಮಗ ಹಾಸಿಗೆ ಹಿಡಿದ ಮೇಲೆ ಬಿಟ್ಟಿದ್ದಳು. ಈಗ ಮಗನಿಲ್ಲ.

"ಇಷ್ಟು ವರ್ಷ ಏನ್ಮಾಡ್ತಿದ್ರಿ?" ಮಗಳು ಗಂಟಲು ದಪ್ಪ ಮಾಡಿ ಕೇಳಿದಳು.

"ನಿಮ್ಮಣ್ಣನ್ನ ನೋಡ್ಕೋತಿದ್ದೆ."

"ಸಾಹೇಬ್ರಿಗೆ ಅಣ್ಣ ಎಲ್ಲಿಂದ ಬಂದ ಅತ್ತಿಗೆ? ಕಾಯಿಲೆ, ಸಾವು ಅಂತ ಬಾಯಿಬಿಟ್ರೋ, ಮುಗೀತು. ಅಯ್ಯೋ ಪಾಪ ಅಂತಾರೆ, ಕೆಲಸ ಮಾತ್ರ ಪಕ್ಕದವಳಿಗೆ ಕೊಡ್ತಾರೆ. ಸುಮ್ನೆ ಮನೇಲಿದ್ದೆ ಅನ್ನಿ. ನಗ್ತಾ ಅನ್ನಿ."

"ಸುಮ್ನೆ ಮನೇಲಿದ್ದೆ."

"ಹಲ್ಲುನೋವು ಬಂದೋರ ಥರ ಇದೆ. ಇನ್ನೊಂದ್ಸಲ."

ಸೊಸೆ ಇನ್ನೊಂದು ಸಲ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಯಾರೇ ಸುಮ್ನೆ ಇದ್ದದ್ದು? ಅವನನ್ನ ಎತ್ತಿ ಮಗ್ಗುಲು ಹೊರಳಿಸಿದ್ದು ಸುಮ್ನೆಯಾ? ಅವನ ಬಾಯಿಗೆ ಗಂಜಿ ಹಾಕಿದ್ದು ಸುಮ್ನೆಯಾ?"

"ಅಪ್ಪ, ಜಗಳ ಆಡೋದಿದ್ರೆ ನಿಮ್ಮ ದೇವರ ಹತ್ರ ಆಡಿ. ಕೆಲಸ ಸಿಗದಿದ್ರೆ ಅತ್ತಿಗೆಯ ಅಣ್ಣ ಬಂದು ಕರ್ಕೊಂಡು ಹೋಗ್ತಾರೆ. ಬಾಡಿಗೆ ಕಟ್ಟೋಕಾಗದೆ ಈ ಮನೆ ಖಾಲಿ ಮಾಡ್ಬೇಕು. ನೀವು ಪೆಟ್ಟಿಗೆ ಹೊತ್ಕೊಂಡು ನನ್ನ ಮನೆಗೆ. ಅದು ಬೇಕಾ?"

ಮಗಳ ಮಾತು ಸುಳ್ಳಲ್ಲ. ಸೊಸೆಯ ಅಣ್ಣ ಒಳ್ಳೆಯವನೇ. ತಂಗಿಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸಿಟ್ಟಿದ್ದ. ಆದರೆ ಇವಳು, "ಅಲ್ಲಿ ನಾನು ಯಾವತ್ತೂ ಬಂದವಳೇ ಆಗಿರ್ತೀನಿ. ನಮ್ಮನೆ ಇದು. ನಾನು, ಮಾವ ಇಲ್ಲೇ ಇರ್ತೀವಿ" ಎಂದಿದ್ದಳು. ಆ ಮಾತು ಉಳಿಯಬೇಕಾದರೆ ಈ ಕೆಲಸ ಆಗಲೇಬೇಕಿತ್ತು.

ದೇವರೊಡನೆ ಜಗಳವೂ ನಿಜವೇ. ಮಗ ಹೋದಂದಿನಿಂದ ನಾನು ಪ್ರಾರ್ಥನೆ ಬಿಟ್ಟವನಲ್ಲ. ಕೈಮುಗಿದ ಮೇಲೆ ಕೇಳಬೇಕಾದದ್ದನ್ನು ಕೇಳಿಯೇ ಏಳುತ್ತೇನೆ. ನಾಲಗೆ ಕೊಟ್ಟವನು ಅವನೇ; ಅದನ್ನು ಅವನೆದುರು ಕಟ್ಟಿಹಾಕುವುದು ಭಕ್ತಿಯೆಂದು ನನಗೆ ತೋರುವುದಿಲ್ಲ. ಆದರೂ ಅಂದು ನಾನು ಬಾಯಿ ಮುಚ್ಚಿಕೊಂಡೆ.

ಬೆಳಿಗ್ಗೆ ಸೊಸೆಯೊಂದಿಗೆ ನಾನೂ ಹೋದೆ. ಅಚ್ಚುಕೂಟದ ಕಚೇರಿ ಮೇಲಂತಸ್ತಿನಲ್ಲಿತ್ತು. ಕೆಳಗೆ ಯಂತ್ರ ಓಡಿದಾಗ ನಾವು ಕುಳಿತ ಬೆಂಚೂ ನಡುಗುತ್ತಿತ್ತು. ಎದುರು ಗೋಡೆಗೆ ಒಂದು ಬೋರ್ಡು. ನೀಲಿ ಅಕ್ಷರದಲ್ಲಿ 'ನಿಶ್ಯಬ್ದ' ಎಂದು ಬರೆದಿತ್ತು. ಶಕಾರಕ್ಕೆ ಶಕಾರದ್ದೇ ಒತ್ತು ಇರಬೇಕಾದಲ್ಲಿ ಯಕಾರದ ಒತ್ತು! ಮುಕ್ಕಾಲು ಮಂದಿ ಮಾಡುವ ತಪ್ಪೇ. ಆದರೆ ಅಚ್ಚುಕೂಟದ ಗೋಡೆಯ ಮೇಲೆ?

"ನೋಡಿದೆಯೇನಮ್ಮ?" ಎಂದೆ.

"ಬಂದ ಕೂಡ್ಲೇ ನೋಡ್ದೆ ಮಾವ. ಸುಮ್ನಿರಿ. ಕೆಲಸ ಕೇಳೋಕೆ ಬಂದವರು ಬೋರ್ಡು ತಿದ್ದೋಕಾಗುತ್ತಾ?"

ಒಳಗಿನಿಂದ ಕರೆ ಬಂತು. ಮಾಲೀಕನ ಕೋಣೆಯ ಹಲಗೆಯ ಗೋಡೆ ಚಾವಣಿ ಮುಟ್ಟಿರಲಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಕೇಳಿಸುತ್ತಿತ್ತು. ಹಳೆಯ ಕೆಲಸದ ವಿಚಾರ ಸಲೀಸಾಗಿ ನಡೆಯಿತು. ಆಮೇಲೆ ಮಾಲೀಕ ಕೇಳಿದ:

"ಅಲ್ಲಮ್ಮ, ಆಮೇಲಿನ ವರ್ಷಗಳೆಲ್ಲ ಖಾಲಿ ಇವೆಯಲ್ಲ. ಏನ್ಮಾಡ್ತಿದ್ರಿ?"

"ಸುಮ್ನೆ..." ಎಂದಳು ಸೊಸೆ.

ನಾನು ಬೆಂಚಿನ ಅಂಚು ಹಿಡಿದುಕೊಂಡೆ.

"ಆ ಪದ ಹೊಡೆದು ಹಾಕಿ ಸರ್. ಸುಮ್ನೆ ಇರಲಿಲ್ಲ ನಾನು. ನನ್ನ ಗಂಡನಿಗೆ ಮಾತು ನಿಂತುಹೋಗಿತ್ತು. ತುಟಿ ಆಡೋದು ನೋಡಿ, ಏನು ಹೇಳ್ತಿದಾರೆ ಅಂತ ಓದ್ತಿದ್ದೆ. ತಪ್ಪು ಓದಿದ್ರೆ ಕಣ್ಣು ಮುಚ್ಕೊಳ್ಳೋರು. ಮತ್ತೆ ಮೊದಲಿಂದ ಓದ್ಬೇಕು. ಕೊನೇ ದಿನದವರೆಗೂ ಓದಿದೆ."

"ಪಾಪ... ಆದ್ರೆ ಅದು ಮನೆ ವಿಷಯ. ನಾನು ಕೇಳಿದ್ದು ಕೆಲಸದ್ದು."

"ನಾನು ಹೇಳಿದ್ದೂ ಕೆಲಸದ್ದೇ. ಪಾಪ ಅನ್ನಬೇಡಿ ಸರ್. ಕರಡು ಕೊಡಿ, ನೋಡಿ."

"ನೋಡಮ್ಮ, ಇಲ್ಲಿ ಎದುರು ಮಾತಾಡೋರು ನಮಗೆ ಸರಿಹೋಗಲ್ಲ."

"ಕರಡು ತಿದ್ದೋಳು ಎದುರು ಮಾತಾಡದಿದ್ರೆ, ತಪ್ಪೆಲ್ಲ ಹಾಗೇ ಅಚ್ಚಾಗಿ ಹೋಗುತ್ತಲ್ಲ ಸರ್?"

ಮಾಲೀಕ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಕೇಳಿಸಿತು.

"ಹೊರಗೆ ಕೂತಿರಿ. ಯೋಚನೆ ಮಾಡಿ ಹೇಳ್ತೀನಿ."

ಹೊರಗೆ ಬಂದವಳ ಮುಖ ಕೆಂಪಾಗಿತ್ತು. "ಕೆಡಿಸಿದೆ ಮಾವ," ಎಂದಳು. "ಒಂದು ಪದ ನುಂಗಿಕೊಂಡಿದ್ರೆ ಆಗ್ತಿತ್ತು. ಗಂಟಲಲ್ಲಿ ಇಳೀಲಿಲ್ಲ."

"ಇಳಿದಿದ್ದರೆ ನಾನು ಈ ಜನ್ಮದಲ್ಲಿ ನಿನ್ನ ಕೈಯ ನೀರು ಕುಡಿಯುತ್ತಿರಲಿಲ್ಲ."

"ಸುಳ್ಳು. ಮನೆಗೆ ಹೋದ ಕೂಡ್ಲೇ ಕಾಫಿ ಕೇಳ್ತಿದ್ರಿ."

ಅಷ್ಟು ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಬೋರ್ಡಿನ ಕಡೆ ನೋಡಿದಳು. ಚೀಲದಿಂದ ಕೆಂಪು ಪೆನ್ಸಿಲ್ ತೆಗೆದಳು. "ಹೇಗೂ ಕೆಲಸ ಹೋಯ್ತು," ಎನ್ನುತ್ತ ಎದ್ದು, ಯಕಾರದ ಒತ್ತನ್ನು ಅಡ್ಡಗೆರೆ ಎಳೆದು ಹೊಡೆದಳು. ಅಂಚಿಗೆ ಶಕಾರದ ಒತ್ತನ್ನು ಗುಂಡಗೆ ಬರೆದಳು. ಪೆನ್ಸಿಲ್ ಇನ್ನೂ ಕೈಯಲ್ಲಿರುವಾಗಲೇ ಬಾಗಿಲು ತೆರೆದು ಮಾಲೀಕ ಬಂದ.

ಅವನು ಬೋರ್ಡು ನೋಡಿದ, ಪೆನ್ಸಿಲ್ ನೋಡಿದ.

"ಅದು ನಮ್ಮಪ್ಪ ಬರೆಸಿದ ಬೋರ್ಡು."

"ಅವರ ಮೇಲೆ ಗೌರವ ಇದೆ ಸರ್. ಒತ್ತು ಮಾತ್ರ ತಪ್ಪು."

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಇಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಇದ್ದಾಗ ಹೇಳೋಕೆ ಧೈರ್ಯ ಇರಲಿಲ್ಲ. ಹೋದ ಮೇಲೆ ಮುಟ್ಟೋಕೆ ಕೈ ಬರಲಿಲ್ಲ."

ಅವನು ಬೆರಳಿನಿಂದ ಆ ಕೆಂಪು ಗುರುತನ್ನು ಮೆಲ್ಲಗೆ ಮುಟ್ಟಿದ. ಬೆರಳಿಗೆ ಬಣ್ಣ ಹತ್ತಿತು.

"ಪೆನ್ಸಿಲ್ಲು ಇದರ ಮೇಲೆ ನಿಲ್ಲಲ್ಲ," ಎಂದ. "ನಾಳೆ ಬರ್ತಾ ನೀಲಿ ಬಣ್ಣ ತನ್ನಿ. ತಿದ್ದಿ, ಆಮೇಲೆ ಕೂತ್ಕೊಂಡು ಕೆಲಸ ಶುರು ಮಾಡಿ. ಎದುರು ಮಾತು ಕರಡಿನ ವಿಷಯದಲ್ಲಿ ಮಾತ್ರ."

"ಅದು ಕರಡು ನೋಡಿ ಹೇಳ್ತೀನಿ ಸರ್," ಎಂದಳು ನನ್ನ ಸೊಸೆ.

ನಾವು ಮೆಟ್ಟಿಲಿಳಿಯುವಾಗ ಮಗಳ ಫೋನು ಬಂತು. "ಹೇಳ್ಕೊಟ್ಟ ಹಾಗೇ ಹೇಳಿದ್ರಾ ಅತ್ತಿಗೆ?"

"ಹೇಳ್ದೆ. ಒಂದು ಪದ ಮಾತ್ರ ಹೊಡೆದು ಹಾಕ್ದೆ."

ಆ ಕಡೆಯಿಂದ ಬೈಗುಳ ನನಗೂ ಕೇಳಿಸಿತು. ಬೈದುಕೊಳ್ಳಲಿ ಎಂದು ಬಿಟ್ಟು, ನಾನು ದಾರಿಯಲ್ಲಿ ಸಿಕ್ಕವರನ್ನು ಬಣ್ಣದ ಅಂಗಡಿ ಎಲ್ಲಿದೆಯೆಂದು ಕೇಳತೊಡಗಿದೆ.