ಕೂತವರು, ಎದ್ದವರು

ಎರಡು ತಲೆಗಳು ಮುಂಡವಿಲ್ಲದೆ ಕಿಟಕಿಯ ಪಕ್ಕದ ಹಲಗೆಯ ಮೇಲೆ ಒಣಗುತ್ತಿದ್ದವು. ಇಬ್ಬರೂ ಪೋಪರು. ಹೊಸ ಸಭಾಂಗಣದಲ್ಲಿ ಅಕ್ಕಪಕ್ಕ ನಿಲ್ಲಿಸಲು ಚರ್ಚಿನ ಫಾದರ್ ಹೇಳಿ ಮಾಡಿಸುತ್ತಿದ್ದರು.

ನಮ್ಮ ಮನೆಯ ಕಸುಬೇ ಅದು, ಚರ್ಚುಗಳಿಗೆ ಪ್ಲಾಸ್ಟರ್ ಪ್ರತಿಮೆ ಮಾಡುವುದು. ತಲೆ, ಕೈ, ಮೈ ಬೇರೆ ಬೇರೆ ಅಚ್ಚಿನಲ್ಲಿ ಹೊಯ್ದು, ಜೋಡಿಸಿ, ಉಜ್ಜಿ, ಬಣ್ಣ ಹಚ್ಚುತ್ತೇವೆ. ಕಣ್ಣು ಕಟ್ಟಕಡೆಗೆ. ಅದಕ್ಕೆ ಕುಂಚ ಇಡುವುದು ಅಪ್ಪ ಒಬ್ಬರೇ. ಒಂದು ಅಂಗಡಿಯಿಂದ ಹೋದ ಪ್ರತಿಮೆಗಳೆಲ್ಲ ಒಂದೇ ನೋಟ ನೋಡಬೇಕು ಅನ್ನುವುದು ತಾತ ಹಾಕಿಟ್ಟ ಕಟ್ಟಳೆ. ಅಣ್ಣನಿಗೆ ನಲವತ್ತು ದಾಟಿದೆ. ಅವನು ನಿಲುವಂಗಿಯ ಮಡಿಕೆಗೆ ಬಣ್ಣ ಬಳಿಯಬಹುದು, ಉಗುರು ತಿದ್ದಬಹುದು. ಕಣ್ಣು ಮಾತ್ರ ಮುಟ್ಟುವಂತಿಲ್ಲ.

ಇತಿಹಾಸ ಓದಿಕೊಂಡವಳು ಎಂದು ಫಾದರ್ ನನಗೂ ಒಂದು ಕೆಲಸ ಹಚ್ಚಿದ್ದರು. "ಇಬ್ಬರ ಬಾಳು, ಇಬ್ಬರ ನಾಯಕತ್ವ, ಕಲ್ಲಿನ ಮೇಲೆ ಕೆತ್ತಿಸೋಕೆ ಎರಡೆರಡು ಸಾಲು ಬರೆದುಕೊಡಮ್ಮ. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಅನ್ನಿಸಬಾರದು."

ಅಂಗಡಿಯಲ್ಲಿ ನಾವು ಅವರನ್ನು ಕೂತವರು, ಎದ್ದವರು ಅನ್ನುತ್ತಿದ್ದೆವು. ಕೂತವರು ಹರೆಯದಲ್ಲಿ ನಾಟಕವಾಡಿದವರು, ಹಿಮದ ಮೇಲೆ ಜಾರಾಟವಾಡಿದವರು. ತಮಗೆ ಗುಂಡು ಹೊಡೆದವನನ್ನು ಜೈಲಿಗೇ ಹೋಗಿ ಕಂಡು ಕೈ ಹಿಡಿದವರು. ಮುಂದೆ ಅದೇ ಕೈ ನಡುಗತೊಡಗಿತು. ಜಗತ್ತೆಲ್ಲ ನೋಡುತ್ತಿದ್ದಂತೆ ಹಣ್ಣಾದರು, ಪೀಠ ಮಾತ್ರ ಬಿಡಲಿಲ್ಲ. ಕೊನೆಕೊನೆಗೆ ಕಿಟಕಿಗೆ ಬಂದು ಬಾಯಿ ತೆರೆದರು, ದನಿ ಬರಲಿಲ್ಲ. ಎದ್ದವರು ಪುಸ್ತಕದ ಮನುಷ್ಯ, ಪಿಯಾನೋ ನುಡಿಸುತ್ತಿದ್ದವರು, ಜನ ಸೇರಿದರೆ ಮುದುಡುವವರು. ಕೂತವರ ಜೊತೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿ ಅದೆಲ್ಲವನ್ನೂ ಹತ್ತಿರದಿಂದ ಕಂಡವರು. ಒಂದು ದಿನ ಲ್ಯಾಟಿನ್ನಿನಲ್ಲಿ, ತಗ್ಗಿದ ದನಿಯಲ್ಲಿ, ಇನ್ನು ನನ್ನಲ್ಲಿ ಶಕ್ತಿಯಿಲ್ಲ, ಪೀಠ ಬಿಡುತ್ತೇನೆ ಎಂದರು. ಎದುರಿಗೆ ಕೂತಿದ್ದ ಎಷ್ಟೋ ಮಂದಿಗೆ ಆ ಕ್ಷಣಕ್ಕೆ ಅದು ಅರ್ಥವೇ ಆಗಲಿಲ್ಲವಂತೆ.

ನನ್ನನ್ನು ಕಾಡುತ್ತಿದ್ದುದು ಅವೆರಡೇ, ಒಬ್ಬರ ಬಾರದ ದನಿ, ಇನ್ನೊಬ್ಬರ ಅರ್ಥವಾಗದ ಮಾತು. ಅವುಗಳ ನಡುವೆ ಸಾಲು ಹುಟ್ಟುತ್ತಿರಲಿಲ್ಲ.

ಅಪ್ಪನ ಬಲಗೈ ಒಂದು ವರ್ಷದಿಂದ ನಡುಗುತ್ತಿತ್ತು. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ಕಣ್ಣು ಬರೆಯುವಾಗ ಮಣಿಕಟ್ಟನ್ನು ಒಂದು ಕೋಲಿಗೆ ಆನಿಸಿಕೊಳ್ಳುತ್ತಿದ್ದರು. ಆದರೂ ಗೆರೆ ಸೊಟ್ಟಗಾಗುತ್ತಿತ್ತು, ಪಾಪೆ ಒಂದು ಕಡೆಗೆ ವಾಲುತ್ತಿತ್ತು. ಬಾಗಿ ಬರೆಯುವಾಗ ಅವರಿಗೆ ಅದು ಕಾಣುತ್ತಿರಲಿಲ್ಲ, ದೂರ ನಿಂತು ನೋಡುವುದು ಸಂಜೆಗೇ. ಅವರು ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಅಣ್ಣ ಅದನ್ನು ಒರೆಸಿ ಹೊಸದಾಗಿ ಬರೆದಿಡುತ್ತಿದ್ದ. ನಾನು ಬಾಗಿಲಲ್ಲಿ ಕಾವಲು. ಸಂಜೆ ಅಪ್ಪ ಬಂದು, ಕನ್ನಡಕ ಒರೆಸಿಕೊಂಡು ನೋಡಿ, "ಪರವಾಗಿಲ್ಲ, ಕೈ ಇನ್ನೂ ಮಾತು ಕೇಳುತ್ತೆ" ಅನ್ನುತ್ತಿದ್ದರು.

"ಎಷ್ಟು ದಿನ ಈ ಕಳ್ಳಾಟ? ನೀನೇ ಹೇಳು ಪಂಡಿತೆ. ನಿನ್ನ ಮಾತಾದ್ರೆ ಕೇಳ್ತಾರೆ," ಎಂದು ಅಣ್ಣ ನನ್ನನ್ನು ತಿವಿಯುತ್ತಿದ್ದ.

"ನೀನು ದೊಡ್ಡೋನು, ನೀನೇ ಹೇಳು."

"ನಾನು ಹೇಳಿದ್ರೆ ಅವರ ಕುರ್ಚಿ ಮೇಲೆ ನನ್ನ ಕಣ್ಣು ಅಂತಾರೆ."

ಅದೂ ಸುಳ್ಳಲ್ಲ. ಅವನಿಗೆ ಆ ಕುರ್ಚಿ ಬೇಕಿತ್ತು, ಅಪ್ಪನೂ ಬೇಕಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದರು. "ನನಗೇನೋ ಕೂತವರೇ ಸೈ. ದೋಣಿ ಅಲ್ಲಾಡ್ತು ಅಂತ ಚುಕ್ಕಾಣಿ ಬಿಟ್ಟು ಎದ್ದು ಹೋಗ್ತಾರಾ ಯಾರಾದ್ರೂ?"

"ಅಲ್ಲಾಡ್ತಿರೋದು ದೋಣಿನೋ ಕೈನೋ, ಅದನ್ನ ನೋಡ್ಬೇಕು ಅಪ್ಪಾ," ಅಂದ ಅಣ್ಣ.

ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಮ್ಮ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. "ಸತ್ತವರ ಪಂಚಾಯಿತಿ ಆಮೇಲೆ ಮಾಡಿ. ಊಟ ಆರಿಹೋಗ್ತಿದೆ."

ಮರುದಿನ ಪ್ರತಿಮೆಗಳ ಜೋಡಣೆ ಮುಗಿದು ಕಣ್ಣಿನ ಸರದಿ ಬಂತು. ಬೆಳಗಿನಿಂದ ಕೂತು ಅಪ್ಪ ನಾಲ್ಕೂ ಕಣ್ಣು ಬರೆದರು. ಕುಂಚ ತೊಳೆಯುತ್ತಾ ನನ್ನನ್ನು ಕರೆದರು. "ಎಲ್ಲಿ, ಬರೆದಿದ್ದನ್ನ ಓದು ನೋಡೋಣ."

ಬರೆದದ್ದು ಒಂದೇ ಸಾಲು, ಎದ್ದವರದು. ಓದಿದೆ. "ತನ್ನ ಶಕ್ತಿ ಕುಂದಿದ್ದನ್ನು ತಾನೇ ಅರಿತು, ತಾನೇ ಹೇಳಿದವರು."

"ಅದು ಹೇಗೆ ಅರಿತ್ರು?" ಅಪ್ಪನ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ.

"ತಮ್ಮ ಕೆಲಸ ನೋಡಿ ಗೊತ್ತಾಗಿರಬೇಕು."

"ಹಾಗಾದ್ರೆ ಸರಿ. ನನ್ನ ಕೆಲಸ ಕೆಟ್ಟ ದಿನ ನನಗೂ ಗೊತ್ತಾಗುತ್ತೆ ಬಿಡು. ಆ ದಿನ ನಾನೂ ಏಳ್ತೀನಿ. ಸದ್ಯಕ್ಕೆ ಅಂಥದ್ದೇನೂ ಕಂಡಿಲ್ಲ." ನಗುತ್ತಾ ಊಟಕ್ಕೆ ಹೊರಟರು.

ನಾನು ಅಲ್ಲೇ ನಿಂತುಬಿಟ್ಟೆ. ಎದ್ದವರ ತಪ್ಪುಗಳನ್ನು ಯಾರಾದರೂ ದಿನವೂ ಬೆನ್ನ ಹಿಂದೆ ತಿದ್ದಿಡುತ್ತಿದ್ದರೆ ಅವರೂ ಕೂತೇ ಇರುತ್ತಿದ್ದರು, ಮತ್ತು ಅದನ್ನು ಜನ ಹಟ ಅನ್ನುತ್ತಿದ್ದರು. ನಾವು ಅಪ್ಪನಿಗೆ ಮಾಡಿದ್ದು ಅದನ್ನೇ. ಏಳುವ ದಾರಿಯನ್ನೇ ಒರೆಸಿಟ್ಟಿದ್ದೆವು.

ಅಣ್ಣ ಬಟ್ಟೆ, ಎಣ್ಣೆ ಹಿಡಿದು ಬಂದ. ನಾನು ಪ್ರತಿಮೆಗಳಿಗೆ ಅಡ್ಡ ನಿಂತೆ. "ಇವತ್ತು ತಿದ್ದಬೇಡ."

"ಹುಚ್ಚು ಹಿಡೀತಾ? ನಾಳಿದ್ದು ಫಾದರ್ ಬರ್ತಾರೆ. ಆ ಕಣ್ಣು ನೋಡು, ಒಂದು ಬಾಗಿಲ ಕಡೆ, ಇನ್ನೊಂದು ಸೂರಿನ ಕಡೆ."

"ಅಪ್ಪನೂ ನೋಡಲಿ."

ಅಣ್ಣ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಎದೆ ಒಡ್ಕೋತಾರೆ ಕಣೇ," ಅಂದು ಹೊರಗೆ ಹೋದ.

ಸಂಜೆ ಅಪ್ಪ ಬಂದರು. ಕನ್ನಡಕ ಒರೆಸಿಕೊಂಡರು. ಕೂತವರನ್ನು ನೋಡಿದರು, ಎದ್ದವರನ್ನು ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ಒರೆಸಿದರು.

"ಇದನ್ನ ಯಾರು ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲ ಅಪ್ಪಾ."

ಅವರು ಇನ್ನೂ ಹತ್ತಿರ ಹೋದರು. "ಹೋದ ವಾರದ್ದು, ಆ ದೇವಮಾತೆಯ ಕಣ್ಣು? ಅದು ಚೆನ್ನಾಗಿತ್ತಲ್ಲ?"

ನಾನು ಬಾಗಿಲ ಕಡೆ ನೋಡಿದೆ.

"ಅದಕ್ಕೂ ಹಿಂದಿನದು?"

ಬಾಗಿಲಲ್ಲಿ ನಿಂತಿದ್ದ ಅಣ್ಣ ತಲೆ ತಗ್ಗಿಸಿದ. ಅಪ್ಪ ಅವನನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕೋಲನ್ನು ಗೋಡೆಗೆ ಒರಗಿಸಿ ಮನೆಗೆ ನಡೆದರು. ಆ ದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಬೆಳಿಗ್ಗೆ ನಮಗಿಂತ ಮೊದಲೇ ಅಂಗಡಿಯಲ್ಲಿದ್ದರು. ನಾಲ್ಕೂ ಕಣ್ಣುಗಳನ್ನು ತಾವೇ ಒರೆಸಿದ್ದರು. ಖಾಲಿ ಮುಖಗಳು ಬಿಳಿಚಿಕೊಂಡಿದ್ದವು. ಸಣ್ಣ ಕುಂಚವನ್ನು ಅಣ್ಣನ ಕಡೆ ಚಾಚಿದರು. ಅವರ ಕೈಯಲ್ಲಿ ಅದು ಗಾಳಿಗೆ ಸಿಕ್ಕ ಕಡ್ಡಿಯಂತೆ ಅಲುಗುತ್ತಿತ್ತು. "ಹಿಡಿ. ಕದ್ದು ಮಾಡಿದ್ದು ಸಾಕು. ನನ್ನೆದುರಿಗೆ ಮಾಡು."

ತಮ್ಮ ಕುರ್ಚಿಯಿಂದ ಎದ್ದು ಹಿಂದಿದ್ದ ಸ್ಟೂಲಿನ ಮೇಲೆ ಕೂತರು. ಅಣ್ಣ ಆ ಕುರ್ಚಿಯಲ್ಲಿ ಕೂತು ಎದ್ದವರ ಮುಖದ ಹತ್ತಿರ ಕುಂಚ ಒಯ್ದ. ಕದ್ದು ಬರೆಯುವಾಗ ಕಲ್ಲಿನಂತಿದ್ದ ಕೈ ಅದು. ಈಗ ತುದಿ ಅದುರಿತು. ವಾಪಸು ತಂದ, ಬೆವರು ಒರೆಸಿಕೊಂಡ, ಮತ್ತೆ ಒಯ್ದ, ಮತ್ತೆ ಅದುರಿತು. ಬೆನ್ನಿಗೆ ಅಪ್ಪನ ಉಸಿರು ತಾಗುತ್ತಿತ್ತು.

ಎದ್ದವರು ದೂರ ಹೋಗಲಿಲ್ಲ ಎಂದು ಓದಿದ್ದು ನೆನಪಾಯಿತು. ಅದೇ ಗೋಡೆಗಳ ಒಳಗೆ, ತೋಟದ ನಡುವಿನ ಮನೆಯಲ್ಲಿ, ವರ್ಷಗಟ್ಟಲೆ ಬದುಕಿದ್ದರು. ಅವರ ಜಾಗಕ್ಕೆ ಬಂದವರ ಕೈ ಆಗ ಹೇಗಿತ್ತು ಅನ್ನುವುದನ್ನು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ.

"ಅಪ್ಪಾ, ನೀವು ಸ್ವಲ್ಪ..." ಅಣ್ಣ ಮಾತು ಮುಗಿಸಲಿಲ್ಲ.

ಅಪ್ಪ ಎದ್ದರು. ಮೂಲೆಯಲ್ಲಿದ್ದ, ಇನ್ನೂ ಉಜ್ಜದ ಪ್ಲಾಸ್ಟರ್ ಕೈಯೊಂದನ್ನು ಎತ್ತಿಕೊಂಡು, ಉಪ್ಪುಕಾಗದದ ಚೂರು ಹುಡುಕಿ, ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಸರಸರ ಉಜ್ಜುವ ಸದ್ದು ಬಂತು. ಅಣ್ಣ ಉಸಿರು ಬಿಗಿಹಿಡಿದು ಮೊದಲ ಗೆರೆ ಎಳೆದ. ಗೆರೆ ನೆಟ್ಟಗೆ ಬಂತು.

ಆಚೆ ಸದ್ದು ನಿಂತಿತು. ಅಣ್ಣನ ಕೈಯೂ ನಿಂತಿತು. ನಾವಿಬ್ಬರೂ ಗೋಡೆಯ ಕಡೆ ಕಿವಿಗೊಟ್ಟು, ಅದು ಮತ್ತೆ ಶುರುವಾಗಲಿ ಎಂದು ಕಾದೆವು.