ಉನಾಸ್ ರಾಜನ ಪಿರಮಿಡ್ಡಿನಲ್ಲಿ ಹೇಳಿದ ಸುಳ್ಳು

ಪಿರಮಿಡ್ಡುಗಳಿರುವ ಸಕ್ಕಾರ ಎಂಬ ಜಾಗದ ಗೈಡುಗಳಲ್ಲಿ ಹಿಲ್ಮಿಗೆ ಒಳ್ಳೆಯ ಹೆಸರಿತ್ತು. ಹಳೆಯ ಚಿತ್ರಲಿಪಿಯನ್ನು ಕಾಲೇಜಿನಲ್ಲಿ ಓದಿ ಬಂದವನು. ತಪ್ಪು ಹೇಳಿದ ಜೊತೆಗಾರರನ್ನು ಪ್ರವಾಸಿಗರ ಎದುರೇ ತಿದ್ದಿ ಬೈಸಿಕೊಂಡವನು. ಅಂಥವನು ಕ್ಯಾಮೆರಾದ ಮುಂದೆ ಸೋತುಬಿಟ್ಟ.

ಪರದೇಶದ ವಿಡಿಯೋದವನೊಬ್ಬ ಅವನ ಬೆನ್ನು ಬಿದ್ದಿದ್ದ. "ನಿಮ್ಮಷ್ಟು ಓದಿಕೊಂಡೋರು ಧೈರ್ಯ ಮಾಡಿ ಹೇಳ್ಬೇಕು ಸಾರ್. ಪಿರಮಿಡ್ಡು ಗೋರಿ ಅಲ್ಲ ಅಂತ ಒಂದು ಮಾತು ಹೇಳಿ, ಲೋಕಾನೇ ಕಿವಿಗೊಡತ್ತೆ." ಹಿಲ್ಮಿಗೆ ಗೊತ್ತಿದ್ದದ್ದು ಅದಕ್ಕೆ ತದ್ವಿರುದ್ಧ. ಆದರೆ ಇಷ್ಟು ವರ್ಷ ಹೇಳಿದ ನಿಜವನ್ನು ಕೇಳಿ ಯಾರೂ ಹೀಗೆ ಕಣ್ಣರಳಿಸಿರಲಿಲ್ಲ. ಉನಾಸನ ಕಪ್ಪು ಕಲ್ಲಿನ ಶವಪೆಟ್ಟಿಗೆಗೆ ಒರಗಿ ನಿಂತು, "ಇಲ್ಲಿ ಯಾವ ರಾಜನನ್ನೂ ಇಟ್ಟಿರಲಿಲ್ಲ. ಇದು ಶಕ್ತಿ ಹುಟ್ಟಿಸೋ ಯಂತ್ರ," ಎಂದುಬಿಟ್ಟ.

ವಿಡಿಯೋ ಎಲ್ಲೆಡೆ ಓಡಾಡಿತು. ಅವನ ಊರು ಅಬುಸೀರಿನ ಟೀ ಅಂಗಡಿಯಲ್ಲಿ, "ಲೋ ಹಿಲ್ಮಿ, ಕರೆಂಟು ಹೋಗಿದೆ, ನಮ್ಮನೆಗೂ ಒಂದು ತಂತಿ ಎಳಿಯೋ!" ಎಂದು ಗೇಲಿ ಮಾಡಿದರು. ಅವನೂ ನಕ್ಕ. ಒಳಗೊಳಗೆ ಹಿಗ್ಗಿದ್ದ.

ಅಷ್ಟರಲ್ಲಿ ಮಗಳು ರಾವ್ಯಾಳ ಶಾಲೆಯ ಪ್ರವಾಸ ಬಂತು. ಮಕ್ಕಳಿಗೆ ಪಿರಮಿಡ್ಡು ತೋರಿಸುವುದಾಗಿ ಅವನು ಮೊದಲೇ ಒಪ್ಪಿದ್ದ. ಆ ಬೆಳಿಗ್ಗೆ ರಾವ್ಯಾ ತಟ್ಟೆಯಲ್ಲಿದ್ದ ಅವರೆಬೀಜವನ್ನು ರೊಟ್ಟಿಯಿಂದ ಕೆದಕುತ್ತ, "ನೀನು ಬರಬೇಡಪ್ಪಾ. ಬೇರೆ ಯಾರನ್ನಾದ್ರೂ ಕಳ್ಸು," ಎಂದಳು. ಗೆಳತಿಯರ ಮುಂದೆ ಸಂಕೋಚವಿರಬೇಕು ಎಂದುಕೊಂಡು ಅವನು ಹೋದ.

ತಗ್ಗು ದಾರಿಯಲ್ಲಿ ಬೆನ್ನು ಬಗ್ಗಿಸಿ ಎಲ್ಲರೂ ಒಳಗಿಳಿದರು. ಶವಪೆಟ್ಟಿಗೆಯ ಕೋಣೆ ತಲುಪಿದ್ದೇ ತಡ, ಶಾದಿ ಎಂಬ ಹುಡುಗ ಕೇಳಿದ: "ಉಸ್ತಾದ್, ಯಂತ್ರದ ಸ್ವಿಚ್ಚು ಯಾವ ಕಡೆ?"

ಮಕ್ಕಳು ಕಿಸಕ್ಕನೆ ನಕ್ಕರು. ಟೀಚರ್ ಇನ್ಸಾಫ್ ನೆಲ ನೋಡಿದರು.

"ಅದು ಸುಮ್ನೆ ತಮಾಷೆಗೆ ಅಂದಿದ್ದು ಕಣೋ," ಎಂದ ಹಿಲ್ಮಿ.

"ತಮಾಷೆ ಥರ ಇರ್ಲಿಲ್ಲ ಉಸ್ತಾದ್."

ರಾವ್ಯಾ ಗುಂಪಿನಿಂದ ಮುಂದೆ ಬಂದಳು. ಮುಖ ಕೆಂಪಾಗಿತ್ತು. ಗೋಡೆಯ ಮೇಲೆ ರಾಜನ ಹೆಸರನ್ನು ಸುತ್ತುವರಿದ ಉದ್ದನೆಯ ದುಂಡುಗೆರೆಯತ್ತ ಕೈ ಮಾಡಿ, "ಇಲ್ನೋಡು. ಮೊಲ, ನೀರಿನಲೆ, ಜೊಂಡಿನೆಲೆ, ಮಡಿಸಿದ ಬಟ್ಟೆ. ಉನಾಸ್ ಅಂತ. ಅಲ್ಲೂ ಅದೇ ಹೆಸರು, ಮೇಲೂ ಅದೇ. ಸತ್ತ ರಾಜ ಎದ್ದು ಆಕಾಶಕ್ಕೆ ಹೋಗ್ಲಿ ಅಂತ ಹೇಳೋ ಮಂತ್ರ ಇದೆಲ್ಲ. ಯಂತ್ರಕ್ಕೆ ಯಾರಾದ್ರೂ ಮಂತ್ರ ಬರೀತಾರಾ?"

ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಅಕ್ಷರಗಳನ್ನು ಕಲಿಸಿದವನು ಹಿಲ್ಮಿಯೇ.

"ಮತ್ತೆ ನಿಮ್ಮಪ್ಪ ಯಾಕೆ ಹಂಗಂದ್ರು?" ಎಂದ ಶಾದಿ.

"ನಂಗೊತ್ತಿಲ್ಲ. ಅವರನ್ನೇ ಕೇಳು."

ಅಪ್ಪ ಎನ್ನಲಿಲ್ಲ ಅವಳು. ಆ ಕೋಣೆಯಲ್ಲಿ ಹಿಲ್ಮಿಗೆ ಮುಖ ಮರೆಸಿಕೊಳ್ಳಲು ಒಂದು ಮೂಲೆಯೂ ಸಿಗಲಿಲ್ಲ.

"ಸುಳ್ಳು ಹೇಳ್ದೆ," ಎಂದ. "ಗೊತ್ತಿದ್ದೂ ಹೇಳ್ದೆ. ಅವನು ಹೊಗಳಿದ, ನಾನು ಉಬ್ಬಿಹೋದೆ. ಈ ಪೆಟ್ಟಿಗೇನ ಕಳ್ಳರು ಹಿಂದೆಯೇ ದೋಚಿದ್ರು. ಆದ್ರೂ ಒಂದು ತೋಳು, ತಲೆಬುರುಡೆ ಚೂರು ಸಿಕ್ಕಿವೆ. ಅವು ರಾಜನದೇ ಅಂತ ನಾನು ಆಣೆ ಇಡಲಾರೆ. ಆದ್ರೆ ಈ ಪೆಟ್ಟಿಗೆ, ಈ ಹೆಸರು, ಈ ಮಂತ್ರ, ಹೊರಗಡೆ ಪೂಜೆಯ ಗುಡಿ, ಪಕ್ಕದಲ್ಲೇ ರಾಣಿಯರ ಗೋರಿ... ಇದು ಗೋರಿ ಮಕ್ಕಳೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಹಿಂತಿರುಗುವಾಗ ರಾವ್ಯಾ ಬಸ್ಸಿನ ಕೊನೆಯ ಸೀಟಿಗೆ ಹೋಗಿ ಕೂತಳು.

ಹಿಲ್ಮಿ ವಿಡಿಯೋದವನಿಗೆ ಫೋನು ಮಾಡಿ, ಅದನ್ನು ತೆಗೆದುಹಾಕೆಂದು ಬೇಡಿಕೊಂಡ. ಆತ ಖುಷಿಯಿಂದ, "ಸರ್ಕಾರದೋರು ಹೆದರಿಸಿದ್ರಾ? ಅದನ್ನೇ ಇನ್ನೊಂದು ವಿಡಿಯೋ ಮಾಡೋಣ ಸಾರ್!" ಎಂದ. ಹಿಲ್ಮಿ ಫೋನಿಟ್ಟ. ವಿಡಿಯೋ ಅಲ್ಲೇ ಉಳಿಯಿತು.

ಈಗಲೂ ಯಾರಾದರೂ ಅವನ ಗುರುತು ಹಿಡಿದು, ಕೈ ಕುಲುಕಿ, ಜೊತೆಯಲ್ಲಿ ಫೋಟೋ ಕೇಳುತ್ತಾರೆ. ತಾನು ಹೇಳಿದ್ದು ಸುಳ್ಳು ಎಂದರೆ ಅವರ ಮುಖ ಬಾಡುತ್ತದೆ. ಕೆಲವರು ನಂಬುವುದೇ ಇಲ್ಲ.

ಒಂದು ಸಂಜೆ, ಬಹಳ ದಿನ ಮಾತು ಬಿಟ್ಟಿದ್ದ ರಾವ್ಯಾ ಕೇಳಿದಳು: "ಇವತ್ತೂ ಯಾರಾದ್ರೂ ಬಂದಿದ್ರಾ?"

"ಹೂಂ."

"ಏನಂದೆ?"

"ಸುಳ್ಳು ಹೇಳಿದ್ದೆ ಅಂದೆ."

ಅವಳು ತಲೆಯಾಡಿಸಿ ಪಕ್ಕದಲ್ಲಿ ಕೂತಳು. ಹಿಲ್ಮಿಗೆ ಅವಳತ್ತ ತಿರುಗಿ ನೋಡುವ ಧೈರ್ಯ ಬರಲಿಲ್ಲ.