ಭೋಜರಾಜ ಶೆಟ್ಟರು ಆರಿಸಿದ ಆಂಟಿವೈರಸ್

ಬಸ್ರೂರಿನ ಭೋಜರಾಜ ಶೆಟ್ಟರು ಬೆಳಿಗ್ಗೆ ಎದ್ದು ಮುಖ ತೊಳೆದು ಮೊದಲು ಮಾಡುತ್ತಿದ್ದ ಕೆಲಸ ಕಂಪ್ಯೂಟರ್ ಹಾಕುವುದು. ದೇವರಿಗೆ ಕೈ ಮುಗಿಯುವುದು ಆಮೇಲೆ, ಚಾ ಅದಕ್ಕೂ ಆಮೇಲೆ. ಮುಂಬೈಯ ಹೋಟೆಲೊಂದರ ಗಲ್ಲಾದಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕೂತು ಬಂದ ಮನುಷ್ಯ. ಈ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇಸ್ಪೀಟು ಆಡುವುದು ಬಿಟ್ಟರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ. ಹೆಂಡತಿ ಪ್ರಭಾವತಿ, "ಬೆಳ್ಗಾಪುದೇ ಸೈ, ಇಸ್ಪೀಟ್!" ಎಂದು ಗೊಣಗುತ್ತಿದ್ದರು. ಶೆಟ್ಟರು ತಿದ್ದಲು ಹೋಗುತ್ತಿರಲಿಲ್ಲ. ಇಸ್ಪೀಟೆಂದೇ ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದರು.

ಕಂಪ್ಯೂಟರ್ ಹಾಕಿದ ಕೂಡಲೇ ಪರದೆಯ ನಡುವೆ ಒಂದು ಸಣ್ಣ ಚೌಕ ಮೂಡುತ್ತಿತ್ತು. "ಅಪ್ಪಯ್ಯ, ಬಿ.ಪಿ. ಮಾತ್ರೆ ತಿಂದ್ರ್ಯಾ?" ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಒಂದೇ ಗುಂಡಿ, "ತಿಂದೆ". ಅದನ್ನು ಒತ್ತುವ ತನಕ ಚೌಕ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ. ಶೆಟ್ಟರು ಮಾತ್ರೆ ನುಂಗಿ, ಮೇಲೆ ನೀರು ಕುಡಿದು, ಆಮೇಲೆ ಒತ್ತುತ್ತಿದ್ದರು. ನುಂಗದೆ ಒತ್ತಿದ್ದರೆ ಪೆಟ್ಟಿಗೆಗೇನು ತಿಳಿಯುತ್ತಿತ್ತು? ಆದರೂ ಆ ಹೆಣ್ಣಿಗೆ ಸುಳ್ಳು ಹೇಳಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಆ ಹೆಣ್ಣು ಅಂದರೆ ಮಗಳು ಅನ್ವಿತಾ. ಕುಂದಾಪುರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಗ, ಮಾತ್ರೆ ಮರೆಯುವ ಅಪ್ಪನಿಗಾಗಿ ಈ ಸಣ್ಣ ಪ್ರೋಗ್ರಾಮನ್ನು ತಾನೇ ಬರೆದು ಹಾಕಿಟ್ಟಿದ್ದಳು. ಆಮೇಲೆ ಒಂದು ದಿನ, ನಾವುಂದದ ಮೀನುಗಾರರ ಮನೆಯ ಜಿತೇಂದ್ರನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಚಿನ್ನದಂಥವನು ಎಂದು ಊರು ಹೇಳಿತು. ಜಾತಿ ಬೇರೆ ಎಂದೂ ಅದೇ ಊರು ಹೇಳಿತು. ಶೆಟ್ಟರ ಕಿವಿಗೆ ಎರಡನೆಯದು ಮಾತ್ರ ಬಿತ್ತು. "ಇನ್ ಈ ಮನೆ ಮೆಟ್ಲ್ ಹತ್ಬೇಡ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಹಟದಲ್ಲಿ ಅಪ್ಪನ ಮಗಳೇ, ಹತ್ತಲಿಲ್ಲ. ಎರಡು ವರ್ಷವಾಗಿತ್ತು. ಮಗಳ ಮಾತೆಂದು ಶೆಟ್ಟರಿಗೆ ಉಳಿದಿದ್ದದ್ದು ಪರದೆಯ ಮೇಲಿನ ಆ ಒಂದು ಸಾಲು.

ಹೀಗಿರುವಾಗ ಎರಡು ಸಾವಿರದ ಏಳರಲ್ಲಿ ಭಾವನ ಮಗನ ಮದುವೆಯ ಫೋಟೋಗಳು ಪೆನ್‌ಡ್ರೈವಿನಲ್ಲಿ ಮುಂಬೈಯಿಂದ ಬಂದವು. ಅವುಗಳ ಜೊತೆಗೆ ಕರೆಯದ ನೆಂಟನಂತೆ ವೈರಸ್ಸೂ ಬಂತು. ಕಂಪ್ಯೂಟರು ಗಬ್ಬದ ಎಮ್ಮೆಯ ಹಾಗೆ ನಡೆಯತೊಡಗಿತು. ಶೆಟ್ಟರು ಕುಂದಾಪುರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಚಂದ್ರನಲ್ಲಿಗೆ ಹೋದರು.

"ಶೆಟ್ರೇ, ಮನೆ ಕಂಪ್ಯೂಟರಿಗೆ ದುಡ್ಡ್ ಕೊಟ್ಟ್ ತಕಂಬುದ್ ಎಂತಕ್ಕೆ? ಬಿಟ್ಟಿ ಸಿಕ್ಕುದೇ ಧಾರಾಳ ಸಾಕ್" ಎಂದು ಚಂದ್ರ ಒಂದು ಸೀಡಿ ಕೊಟ್ಟ.

ಬಿಟ್ಟಿ ಆಂಟಿವೈರಸ್ ಒಳಗೆ ಹೋಗಿ ಕೂತಿತು. ಮುಂಬೈಯಿಂದ ಬಂದ ಕಳ್ಳರನ್ನು ಹಿಡಿದೂ ಹಾಕಿತು. ಆದರೆ ಮರುದಿನ ಬೆಳಿಗ್ಗೆ ಅನ್ವಿತಾಳ ಚೌಕ ಬರುವ ಹೊತ್ತಿಗೆ ಅದಕ್ಕಿಂತ ದೊಡ್ಡದೊಂದು ಕೆಂಪು ಚೌಕ ಎದ್ದು ನಿಂತಿತು: ಅಪಾಯ, ಗುರುತಿಲ್ಲದ ಪ್ರೋಗ್ರಾಮ್, ಅಳಿಸಲೇ, ಬಿಡಲೇ? ಶೆಟ್ಟರು ಕನ್ನಡಕ ಒರೆಸಿಕೊಂಡು ನೋಡಿ "ಬಿಡು" ಎಂಬುದನ್ನು ಒತ್ತಿದರು. ಮರುದಿನವೂ ಅದೇ ಪ್ರಶ್ನೆ, ಅದರ ಮರುದಿನವೂ ಅದೇ. ಎಂದಾದರೂ ಬೆರಳು ತಪ್ಪಿದರೆ ಗತಿಯೇನು ಎಂದು ಅವರಿಗೆ ಹೆದರಿಕೆ ಹತ್ತಿತು.

ಮತ್ತೆ ಚಂದ್ರನಲ್ಲಿಗೆ ಹೋಗಿ, ಮಗಳ ಸುದ್ದಿ ಎತ್ತದೆ ಸಂಗತಿ ಹೇಳಿದರು. ಚಂದ್ರ ನಕ್ಕುಬಿಟ್ಟ. "ಹೆಸ್ರಿಲ್ಲೆ, ಊರಿಲ್ಲೆ. ಮಿಷನ್ ಹಾಕ್ದ ಕೂಡ್ಲೇ ಯಾರೂ ಕರೀದೆ ಎದ್ದ್ ಬತ್ತ್. ಅದ್ ಕಳ್ಳರ್ ಲಕ್ಷಣ ಅಲ್ದಾ? ಅಳ್ಸಿ ಬಿಡಿ ಮಾರಾಯ್ರೆ."

"ಕಳ್ಳರ್ ಲಕ್ಷಣವಾ?" ಶೆಟ್ಟರ ಮುಖ ಕೆಂಪಾಯಿತು. "ನಿನ್ನ ಆಂಟಿವೈರಸ್ಸೇ ಸಮ ಇಲ್ಲೆ. ಬೇರೆ ಕೊಡ್."

ಲೋಕವೆಲ್ಲ ಹೆಚ್ಚು ಕಳ್ಳರನ್ನು ಹಿಡಿಯುವ ಆಂಟಿವೈರಸ್ ಹುಡುಕುತ್ತಿದ್ದರೆ ನಮ್ಮ ಶೆಟ್ಟರಿಗೆ ಒಬ್ಬಳನ್ನು ಹಿಡಿಯದೆ ಬಿಡುವಂಥದು ಬೇಕಾಗಿತ್ತು. ಚಂದ್ರ ಇನ್ನೊಂದು ಬಿಟ್ಟಿ ಸೀಡಿ ಕೊಟ್ಟ. ಮೊದಲಿನದನ್ನು ತೆಗೆದೇ ಇದನ್ನು ಹಾಕಬೇಕು ಎಂದೂ ಹೇಳಿದ. ಶೆಟ್ಟರು ತೆಗೆಯಲಿಲ್ಲ. ಹೋಟೆಲಿಗೆ ಇಬ್ಬರು ವಾಚ್‌ಮನ್ ಇದ್ದರೆ ಮಾಲೀಕನಿಗೆ ನಷ್ಟವೇನು, ಅದೂ ಸಂಬಳವಿಲ್ಲದೆ? ಹಾಗೆಂದುಕೊಂಡು ಎರಡನೆಯದನ್ನೂ ಹಾಕಿದರು. ಇಬ್ಬರು ವಾಚ್‌ಮನ್ನರೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದು ಕೊರಳಪಟ್ಟಿ ಹಿಡಿದುಕೊಂಡರು. ಕಂಪ್ಯೂಟರು ನಿಂತಲ್ಲೇ ನಿಂತಿತು. ಶೆಟ್ಟರು ಗಾಬರಿಯಲ್ಲಿ ವಯರು ಕಿತ್ತು ಮತ್ತೆ ಹಾಕಿದರು. ಅದು ಏದುಸಿರು ಬಿಡುತ್ತ ಎದ್ದೇನೋ ಎದ್ದಿತು. ಅನ್ವಿತಾಳ ಚೌಕ ಮಾತ್ರ ಬರಲಿಲ್ಲ. ಎರಡನೆಯ ಆಂಟಿವೈರಸ್ ಅಳಿಸಲೇ ಬಿಡಲೇ ಎಂದು ಕೇಳುವ ಜಾತಿಯದಾಗಿರಲಿಲ್ಲ.

ಶೆಟ್ಟರು ಆ ದಿನ ಮಾತ್ರೆ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಮರೆತದ್ದಲ್ಲ. ಕೇಳುವವರಿಲ್ಲದ ಮೇಲೆ ಯಾರಿಗೆಂದು ತಿನ್ನುವುದು? ಆ ವಾರವೇ ತೆಂಗಿನಕಾಯಿ ಹೆಕ್ಕಲು ಬಗ್ಗಿದವರು ತಲೆ ತಿರುಗಿ ಅಲ್ಲೇ ಕೂತುಬಿಟ್ಟರು. ಪ್ರಭಾವತಿ ಅವರನ್ನು ಒಳಗೆ ಕರೆತಂದು ಮಲಗಿಸಿದರು. ಮಾತ್ರೆಯ ಹಾಳೆ ನೋಡಿದರೆ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಎಂತ ಹ್ವಾಯ್ ಇದ್?"

"ಅನ್ವಿತಾ ಬರ್ದದ್ದ್ ಹೋಯ್ತ್" ಎಂದರು ಶೆಟ್ಟರು.

"ನಂಗ್ ಗೊತ್ತಿಲ್ಲೆ ಅಂದೇಳಿ ಮಾಡಿರ್ಯಾ? ಇಸ್ಪೀಟ್ ಆಡುವವ್ರ್ ಕೈಯಲ್ಲ್ ಮಾತ್ರೆ ಹಿಡ್ಕಂಡ್ ಕೂಕಂತ್ರಾ?" ಪ್ರಭಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪೆಟ್ಟಿಗ್ಯೊಳ್ಗೆ ಹುಡ್ಕುದ್ ಎಂತಕ್ಕೆ? ಹೆಣ್ಣ್ ನಾವುಂದದಲ್ಲ್ ಇತ್ತ್. ಬಸ್ಸ್ ಇಲ್ಯಾ?"

"ಬರ್ಬೇಡ ಅಂದವ ನಾನೇ. ಎಂತ ಹೇಳ್ಕಂಡ್ ಹೋಪುದ್?"

"ಕಂಪ್ಯೂಟರ್ ಹಾಳಾಯ್ತ್ ಅಂದೇಳಿ ಹೋಯ್ನಿ. ಅದ್ ಸುಳ್ಳಲ್ಲ ಅಲ್ದಾ?"

ಎರಡು ದಿನ ಕಳೆದು ಶೆಟ್ಟರು ಕಂಪ್ಯೂಟರಿನ ಡಬ್ಬವನ್ನು ಹಳೆಯ ಚಾದರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ, ಹಿಂದಕ್ಕೆ ಹೋಗಿಬಿಡೋಣವೇ ಎಂದು ಒಮ್ಮೆ ಅನ್ನಿಸಿತು. ಹೋಗಲಿಲ್ಲ.

ನಾವುಂದದ ಮನೆಯ ಅಂಗಳದಲ್ಲಿ ಜಿತೇಂದ್ರನ ತಾಯಿ ಜಲಜ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಬೀಗರನ್ನು ಅವರು ಕಂಡದ್ದು ಅದೇ ಮೊದಲು, ಆದರೂ ಗುರುತು ಹತ್ತಿತು. ಒದ್ದೆ ಕೈ ಒರೆಸಿಕೊಳ್ಳುತ್ತ, "ಬನ್ನಿ, ಬನ್ನಿ, ಕೂಕಣಿ. ಆಸ್ರಿಗ್ ಕುಡುಕೆ ಎಂತ ಕೊಡ್ಲಿ?" ಎಂದರು. ಇಷ್ಟು ದಿನ ಎಲ್ಲಿದ್ದಿರಿ ಎಂಬ ಒಂದು ಮಾತೂ ಬರಲಿಲ್ಲ. ಜಿತೇಂದ್ರ ಓಡಿ ಬಂದು ಗಂಟನ್ನು ಜೋಪಾನವಾಗಿ ಇಳಿಸಿಕೊಂಡ. ಬೈಗುಳವನ್ನಾದರೆ ಶೆಟ್ಟರು ತಡೆದುಕೊಳ್ಳುತ್ತಿದ್ದರು, ಈ ಉಪಚಾರ ತಡೆಯುವುದು ಕಷ್ಟವಾಯಿತು. ಅವರು ತಲೆ ತಗ್ಗಿಸಿ ಮಜ್ಜಿಗೆ ಕುಡಿದರು.

ಅನ್ವಿತಾ ಬಾಗಿಲಲ್ಲಿ ಬಂದು ನಿಂತಳು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಶೆಟ್ಟರ ಬಾಯಿಗೆ ಬರಲಿಲ್ಲ.

"ಕಂಪ್ಯೂಟರ್ ಸಮ ಇಲ್ಲೆ" ಎಂದರು.

"ಕಾಂಬ" ಎಂದಳು ಅವಳು. ತನ್ನ ಪರದೆಗೆ ಡಬ್ಬ ಜೋಡಿಸಿ ನೋಡಿದವಳಿಗೆ ನಗು ಬಂತು. "ಅಪ್ಪಯ್ಯ, ಎರಡೆರಡ್ ಹಾಕಿರ್ಯಾ?" ಅಪ್ಪಯ್ಯ ಎಂಬ ಆ ಮಾತನ್ನು ಅವರು ಇಷ್ಟು ದಿನ ಓದುತ್ತಿದ್ದರು, ಈಗ ಕಿವಿಯಾರೆ ಕೇಳಿದರು.

"ಅದ್ರಲ್ಲಿದ್ದ್ ಒಂದ್ ಕಾಂತಿಲ್ಲೆ. ಎರಡ್ನೇದ್ ಬಂದ್ ಅಳ್ಸಿತ್ತ್."

"ಅಳ್ಸಲಿಲ್ಲೆ ಅಪ್ಪಯ್ಯ, ಕಟ್ಟಿ ಒಂದ್ ಮೂಲೆಗ್ ಹಾಕಿತ್ತ್ ಅಷ್ಟೇ" ಎನ್ನುತ್ತ ಅವಳು ಆ ಮೂಲೆಯನ್ನು ತೆರೆದಳು. ಅಲ್ಲಿ ಇದ್ದದ್ದು ಯಾವುದೆಂದು ಕಂಡದ್ದೇ ಅವಳ ಕೈ ನಿಂತಿತು. ಅಪ್ಪ ಇದನ್ನು ಎಂದೋ ತೆಗೆಸಿ ಹಾಕಿದ್ದಾರೆ ಎಂದೇ ಅವಳು ತಿಳಿದಿದ್ದಳು.

"ಇದನ್ನ ನೀವ್ ಇಟ್ಕಂಡಿದ್ರ್ಯಾ?"

"ದಿನಾ ಮಾತ್ರೆ ತಿಂದ್ ಒತ್ತುದೇ" ಎಂದರು ಶೆಟ್ಟರು.

ಅನ್ವಿತಾ ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಮೂಗೊರೆಸಿಕೊಂಡು, ಎರಡೂ ಆಂಟಿವೈರಸ್ಸುಗಳನ್ನು ಕಿತ್ತು ಹಾಕಿ, ತನ್ನ ಪ್ರೋಗ್ರಾಮನ್ನು ಅದರ ಜಾಗಕ್ಕೆ ತಂದು ಕೂರಿಸಿದಳು. "ಈಗ ಒಂದೇ ಹಾಕ್ವ. ಇದನ್ನ ಮುಟ್ಟದ್ ಹಾಂಗೆ ನಾ ಮಾಡ್ಕೊಡ್ತೆ. ನನ್ನ ಹತ್ರ ಬಿಟ್ಟಿಯಂದ್ ಬೇರೆ ಎರಡ್ ಸೀಡಿ ಇತ್ತ್. ಒಂದ್ ಭಾರೀ ಒಳ್ಳೇದ್, ಫೋನಿನ್ ಲೈನಲ್ಲಿ ಹೊಸ ವೈರಸ್ಸಿನ್ ಗುರ್ತೆಲ್ಲ ಅದೇ ತಕಂತ್, ಯಾರೂ ಕಾಂಬುದ್ ಬ್ಯಾಡ. ಇನ್ನೊಂದ್ ಸ್ವಲ್ಪ ರಗಳೆ. ತಿಂಗ್ಳ್ ತಿಂಗ್ಳ್ ಯಾರಾರೂ ಪೆನ್‌ಡ್ರೈವಲ್ಲ್ ಆ ಗುರ್ತಿನ್ ಹೊಸ ಫೈಲ್ ತಂದ್ ಹಾಕ್ಬೇಕ್. ಆ ಒಳ್ಳೇದೇ ಹಾಕ್ತೆ ಆತಾ?"

"ಬ್ಯಾಡ" ಎಂದರು ಶೆಟ್ಟರು. "ರಗಳೆಯದ್ದೇ ಹಾಕ್."

"ಅಪ್ಪಯ್ಯ, ನಿಮ್ಗ್ ಆ ಫೈಲ್ ಹಾಕುಕೆ ಬತ್ತಿಲ್ಲೆ."

"ನಂಗ್ ಬತ್ತಿಲ್ಲೆ. ಚಂದ್ರಂಗ್ ಪುರ್ಸೊತ್ತಿಲ್ಲೆ." ಅವರು ಜಿತೇಂದ್ರನನ್ನು ಒಮ್ಮೆ ನೋಡಿದರು, ಮಗಳನ್ನು ನೋಡಿದರು. "ನೀವ್ ಇಬ್ರೂ ಬಂದೇ ಹಾಕ್ಬೇಕ್."

ಅನ್ವಿತಾ ಆ ರಗಳೆಯದ್ದರ ಸೀಡಿ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಶೆಟ್ಟರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು: "ವಾರಕ್ಕೊಂದ್ ಸಲ ಹಾಕುದ್ ಯಾವ್ದಾರೂ ಇತ್ತಾ, ಕಾಣ್ ಮಗಾ."